ಸ್ತೋತ್ರಯಜ್ಞಕ್ಕೆ ಒಂದೇ ಗಂಟೆ: ಕುಯ್ಲು ಮುಗಿದ ಮೇಲಿನ ಕೃತಜ್ಞತಾ ಕೂಟ ಹೇಗಿರಬೇಕು?

ಕುಯ್ಲುಕೂಟ_ಸಿದ್ದಾಪುರ
ಎಲ್ಲರಿಗೂ ನಮಸ್ಕಾರ. ರೊಬಸ್ಟಾ ಕಾಫಿಯ ಕುಯ್ಲು ಮುಗಿಯುತ್ತಲೇ ನಮ್ಮ ಕಡೆ ಒಂದು ಕೃತಜ್ಞತಾ ಕೂಟ ಇಡುವ ಯೋಚನೆ ಇದೆ. ಬರುವವರು ಇಪ್ಪತ್ತೈದು ಜನ ಇರಬಹುದು: ಸಿಎಸ್‌ಐನವರು (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟರು), ಕಥೋಲಿಕರು, ಮಲಯಾಳಿ ಆರ್ಥೊಡಾಕ್ಸ್ ಮನೆ ಎರಡು, ಲೈನ್‌ಮನೆಗಳಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಗಳಿಂದ, ತಮಿಳರು, ಅಸ್ಸಾಂ ಕಡೆಯವರು ನಾಲ್ಕೈದು ಮಂದಿ. ನಾಲ್ಕೂವರೆಗೆ ಕೆಲಸ ಬಿಡುತ್ತೆ. ಆರೂವರೆಗೆ ಕತ್ತಲು, ಆಮೇಲೆ ತೋಟದ ದಾರಿಯಲ್ಲಿ ಆನೆ. ಹಾಗಾಗಿ ಸಿಗುವುದು ಐದರಿಂದ ಆರು, ಒಂದೇ ಗಂಟೆ.

ಕರಪತ್ರದಲ್ಲಿ ‘ಸ್ತೋತ್ರಯಜ್ಞ’ ಅಂತ ಹಾಕಿದ್ದೇವೆ, ಬೈಬಲ್ಲಿನ ಇಬ್ರಿಯರಿಗೆ 13:15ರ ಮಾತು: ಆತನ ಮೂಲಕ ದೇವರಿಗೆ ಎಡೆಬಿಡದೆ ಸ್ತೋತ್ರಯಜ್ಞವನ್ನು, ಅಂದರೆ ತುಟಿಗಳ ಫಲವನ್ನು, ಅರ್ಪಿಸೋಣ ಅಂತ. ಆದರೆ ಇಂಥ ಕೂಟ ಸಾಮಾನ್ಯವಾಗಿ ಹೇಗೆ ನಡೆಯುತ್ತೆ ಎಲ್ಲರಿಗೂ ಗೊತ್ತು. ಹತ್ತು ಹಾಡು, ಒಂದು ಉದ್ದದ ಪ್ರಸಂಗ, ಬೇಡಿಕೆಗಳ ಪಟ್ಟಿ, ಕಾಫಿ, ಮನೆ. ಬಾಯಿಮಾತನ್ನು ಯಜ್ಞ ಅಂತ ಕರೆಯುವುದಾದರೆ ಅದಕ್ಕೂ ಒಂದು ಕ್ರಮ, ಒಂದು ಅಳತೆ ಇರಬೇಕಲ್ಲ? ತಿಳಿದವರು ಹೇಳಿ.

ಉಪದೇಶಿಕಟ್ಟೆ
ಅಳತೆ ಇದೆ. ಯಾಜಕಕಾಂಡ 7ನೇ ಅಧ್ಯಾಯದ 11ರಿಂದ 15ನೇ ವಚನ ತೆಗೆಯಿರಿ. ಕೃತಜ್ಞತೆಗಾಗಿ ಕೊಡುವ ಯಜ್ಞದ ವಿಧಿ ಅಲ್ಲಿದೆ, ಹೀಬ್ರೂವಿನಲ್ಲಿ ಅದರ ಹೆಸರು ‘ತೋದಾ’. ಪ್ರಾಣಿಯ ಜೊತೆ ನಾಲ್ಕು ಬಗೆಯ ರೊಟ್ಟಿ ಬೇಕು: ಎಣ್ಣೆ ಬೆರೆಸಿದ ಹುಳಿಯಿಲ್ಲದ ರೊಟ್ಟಿ, ಎಣ್ಣೆ ಸವರಿದ ತೆಳು ಹಪ್ಪಳದಂಥದ್ದು, ಎಣ್ಣೆಯಲ್ಲಿ ಚೆನ್ನಾಗಿ ನಾದಿದ ಹಿಟ್ಟಿನದು, ಇವು ಮೂರರ ಜೊತೆ ಹುಳಿಹಿಟ್ಟಿನ ರೊಟ್ಟಿ. ಎಷ್ಟೆಂದು ಬೈಬಲ್ ಹೇಳುವುದಿಲ್ಲ. ಯೆಹೂದಿಗಳ ಹಳೆಯ ನಿಯಮಸಂಗ್ರಹ ಮಿಶ್ನಾ ಲೆಕ್ಕ ಕೊಡುತ್ತೆ: ಬಗೆಗೆ ಹತ್ತರಂತೆ 40 ರೊಟ್ಟಿ. ಹುಳಿಯಿಲ್ಲದ ಮೂವತ್ತಕ್ಕೆ ಎಷ್ಟು ಹಿಟ್ಟೋ ಹುಳಿಯ ಹತ್ತಕ್ಕೂ ಅಷ್ಟೇ ಹಿಟ್ಟು. ಅಂದರೆ ಹುಳಿರೊಟ್ಟಿ ಒಂದೊಂದಕ್ಕೆ ಏಫಾದ ಹತ್ತನೇ ಒಂದು ಪಾಲು, ಈಗಿನ ಅಳತೆಯಲ್ಲಿ ಸುಮಾರು ಎರಡು ಲೀಟರ್ ಹಿಟ್ಟು. ಬಗೆಗೆ ಒಂದರಂತೆ ನಾಲ್ಕು ರೊಟ್ಟಿ ಯಾಜಕನಿಗೆ, ಉಳಿದ 36 ಕೊಟ್ಟವನಿಗೆ.

ಇನ್ನು ಮುಖ್ಯ ಷರತ್ತು. ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಚೂರೂ ಉಳಿಯಕೂಡದು. ಹರಕೆಯ ಯಜ್ಞವಾದರೆ, ಸ್ವಇಚ್ಛೆಯಿಂದ ಕೊಟ್ಟದ್ದಾದರೆ, ಮರುದಿನವೂ ತಿನ್ನಬಹುದು (7:16). ಕೃತಜ್ಞತೆಯದ್ದಕ್ಕೆ ಮಾತ್ರ ಒಂದೇ ದಿನ. ಒಂದು ಪ್ರಾಣಿ, ಮೂವತ್ತಾರು ರೊಟ್ಟಿ ಒಂದು ಮನೆಯವರಿಂದ ಒಂದೇ ದಿನದಲ್ಲಿ ಆಗುವ ಮಾತಲ್ಲ. ಜನ ಕರೆಯಲೇಬೇಕು. ಬಂದವರು ‘ಏನು ವಿಶೇಷ?’ ಅಂತ ಕೇಳೇ ಕೇಳ್ತಾರೆ, ಇವನು ದೇವರು ಮಾಡಿದ್ದನ್ನು ಹೇಳಲೇಬೇಕು. ಯೆಹೂದಿ ವ್ಯಾಖ್ಯಾನಕಾರರು ಕೂಡ ಈ ಗಡುವಿಗೆ ಇದೇ ಕಾರಣ ಕೊಟ್ಟಿದ್ದಾರೆ.

ನಿಮ್ಮ ಕೂಟದ ಪಟ್ಟಿಯಲ್ಲಿ ಇಲ್ಲದಿರುವುದು ಇದೇ. ಹಾಡು ಉಂಟು, ಪ್ರಸಂಗ ಉಂಟು. ಬಂದ ಒಬ್ಬೊಬ್ಬರೂ ‘ಇಂಥದ್ದು ನನಗಾಯಿತು’ ಅಂತ ಬಾಯಿಬಿಟ್ಟು ಹೇಳುವ ಜಾಗ ಎಲ್ಲಿ, ಕೂಡಿ ಉಣ್ಣುವ ಜಾಗ ಎಲ್ಲಿ?

ಮಂಜುಮುಸುಕು
ಇದೆಲ್ಲ ಹಳೇ ಒಡಂಬಡಿಕೆ ಮಾರಾಯ್ರೆ. ಕ್ರಿಸ್ತ ಒಂದೇ ಸಾರಿ ತನ್ನನ್ನು ಅರ್ಪಿಸಿದ ಮೇಲೆ ನಮಗೆ ಯಾಜಕಕಾಂಡದ ರೊಟ್ಟಿ ಲೆಕ್ಕ ಯಾಕೆ?

ಉಪದೇಶಿಕಟ್ಟೆ
ಇಬ್ರಿಯರಿಗೆ ಬರೆದವನೇ ಆ ಲೆಕ್ಕದ ಪುಟ ತೆರೆಯುತ್ತಾನೆ. 13:15ರಲ್ಲಿ ಅವನು ಬಳಸಿದ ಗ್ರೀಕ್ ಪದಗಳು ‘ಥುಸಿಯ ಐನೆಸೆಯೋಸ್’. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಯಾಜಕಕಾಂಡ 7ರ ತೋದಾಕ್ಕೆ ಇರುವುದು ಇದೇ ಮಾತು. ಸುಮ್ಮನೆ ‘ಹಾಡಿರಿ’ ಅನ್ನುವುದು ಅವನ ಉದ್ದೇಶವಾಗಿದ್ದರೆ ಬೇರೆ ಪದ ಬೇಕಾದಷ್ಟಿತ್ತು.

ಅದೇ ವಚನದ ‘ತುಟಿಗಳ ಫಲ’ ಹೋಶೇಯ 14:2ರಿಂದ ಬಂದದ್ದು. ನಮಗೆ ಬಂದ ಹೀಬ್ರೂ ಪಾಠದಲ್ಲಿ ಅಲ್ಲಿ ‘ಹೋರಿಗಳು’ ಅಂತಿದೆ, ಗ್ರೀಕಿನಲ್ಲಿ ‘ಫಲ’. ‘ಪಾರೀಮ್’ ಅಂದರೆ ಹೋರಿಗಳು, ‘ಪೆರೀ’ ಅಂದರೆ ಫಲ. ಒಂದಕ್ಷರದ ಅಂತರ. ಎರಡರಲ್ಲೂ ತಾತ್ಪರ್ಯ ಒಂದೇ: ಹೋರಿ ನಿಲ್ಲಬೇಕಿದ್ದ ಜಾಗದಲ್ಲಿ ಮಾತು ನಿಂತಿದೆ.

ನಿಮ್ಮ ಆತಂಕ ಅರ್ಥವಾಗುತ್ತೆ. ಅದಕ್ಕೂ ಉತ್ತರ ಯಾಜಕಕಾಂಡದಲ್ಲೇ ಇದೆ. ತೋದಾ ಸಮಾಧಾನಯಜ್ಞದ ಗುಂಪಿಗೆ ಸೇರಿದ್ದು, ದೋಷಪರಿಹಾರದ ಗುಂಪಿಗಲ್ಲ. ಪಾಪ ಕಳೆಯುವುದು ಅದರ ಕೆಲಸವೇ ಅಲ್ಲ. ಪಾಪಕ್ಕಾಗಿ ಇನ್ನು ಅರ್ಪಣೆ ಇಲ್ಲ ಅಂತ ಇಬ್ರಿಯರಿಗೆ 10:18 ಮುಚ್ಚಿಬಿಟ್ಟಿದೆ. ಮುಚ್ಚಿದ್ದು ಆ ಬಾಗಿಲು. 13ನೇ ಅಧ್ಯಾಯದಲ್ಲಿ ತೆರೆದಿರುವುದು ಬೇರೆ ಬಾಗಿಲು, ಅದೂ ‘ಆತನ ಮೂಲಕ’.

ಸಂಜೆಜಪ_ವಿರಾಜಪೇಟೆ
ಉಪದೇಶಿಯವರ ಮಾತಿಗೆ ಕಥೋಲಿಕ ಕಡೆಯಿಂದ ಎರಡು ಮಾತು. ಬಲಿಪೂಜೆಯ (ನಮ್ಮ ಚರ್ಚಿನ ಮುಖ್ಯ ಆರಾಧನೆ, ಮಾಸ್) ಮೊದಲನೇ ಕೃತಜ್ಞತಾ ಪ್ರಾರ್ಥನೆಯ ಲತೀನ್ ಮೂಲದಲ್ಲಿ ‘ಸಕ್ರಿಫಿಸಿಯುಂ ಲೌದಿಸ್’, ಅಂದರೆ ಸ್ತುತಿಯ ಬಲಿ, ಅನ್ನುವ ಮಾತೇ ಇದೆ. ಬಲಿಪೂಜೆ ಕ್ರಿಸ್ತನ ಒಂದೇ ಬಲಿಯನ್ನು ಮತ್ತೆ ಮಾಡುವುದಲ್ಲ, ಅದನ್ನೇ ಇಲ್ಲಿ ಪ್ರತ್ಯಕ್ಷಗೊಳಿಸುವುದು ಅಂತ ನಮ್ಮ ಬೋಧನೆ. ಇದರಲ್ಲಿ ಸಿಎಸ್‌ಐನವರಿಗೂ ನಮಗೂ ಭೇದ ಇದೆ, ನಿಮ್ಮ ಒಂದು ಗಂಟೆಯಲ್ಲಿ ಅದನ್ನು ಬಗೆಹರಿಸಲು ಹೋಗಬೇಡಿ. ಮನೆಕೂಟ ಮನೆಕೂಟವಾಗಿರಲಿ.

ಕೆಲಸಕ್ಕೆ ಬರುವ ವಿಷಯ: ಐದು ಗಂಟೆ ಬಹಳ ಒಳ್ಳೆಯ ಹೊತ್ತು. ಕೀರ್ತನೆ 141:2 ಪ್ರಾರ್ಥನೆಯನ್ನು ಧೂಪಕ್ಕೆ, ಎತ್ತಿದ ಕೈಗಳನ್ನು ಸಂಜೆಯ ಬಲಿಗೆ ಹೋಲಿಸುತ್ತೆ. ಸಂಜೆಯ ಬಲಿ ಅಂದರೆ ವಿಮೋಚನಕಾಂಡ 29:38-42ರ ನಿತ್ಯಹೋಮದ ಎರಡನೇ ಭಾಗ. ಒಂದು ವರ್ಷದ ಕುರಿಮರಿ ಬೆಳಗ್ಗೆ ಒಂದು, ಸಂಜೆ ಒಂದು. ಪ್ರತಿಯೊಂದರ ಜೊತೆ ಏಫಾದ ಹತ್ತನೇ ಒಂದು ಪಾಲು ಹಿಟ್ಟು, ಕಾಲು ಹಿನ್ ಎಣ್ಣೆ, ಕಾಲು ಹಿನ್ ದ್ರಾಕ್ಷಾರಸ (ಹಿನ್ ಅಂದರೆ ದ್ರವದ ಹಳೆಯ ಅಳತೆ). ‘ಎಡೆಬಿಡದೆ’ ಸ್ತೋತ್ರ ಅಂದಾಗ ಇಪ್ಪತ್ತನಾಲ್ಕು ಗಂಟೆ ಬಾಯಾಡಿಸುವುದು ಅಂತ ಹೆದರಬೇಕಾಗಿಲ್ಲ. ನಿತ್ಯಹೋಮ ‘ನಿತ್ಯ’ ಆದದ್ದು ದಿನಕ್ಕೆರಡು ಸಲ ತಪ್ಪದೆ ನಡೆದದ್ದರಿಂದ.

ಬೇಡಿಕೆಗಳಿಗೆ ನಮ್ಮ ವಿಶ್ವಾಸಿಗಳ ಪ್ರಾರ್ಥನೆಯ ಸಾಮಾನ್ಯ ಕ್ರಮ ಇಟ್ಟುಕೊಳ್ಳಿ: ಮೊದಲು ಧರ್ಮಸಭೆ, ಆಮೇಲೆ ಆಳುವವರು ಮತ್ತು ಲೋಕದ ಒಳಿತು, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ಊರಿನವರು. ನಾಲ್ಕೇ ಬಿನ್ನಹ, ಒಂದೊಂದಕ್ಕೆ ಒಂದೇ ವಾಕ್ಯ. ಈ ಕ್ರಮ ಬಿಟ್ಟರೆ ಮೊದಲ ಬೇಡಿಕೆಯೇ ಯಾರದೋ ಮಂಡಿನೋವಿನಿಂದ ಶುರುವಾಗಿ ಅಲ್ಲೇ ಸುತ್ತುತ್ತಿರುತ್ತೆ.

ಇನ್ನೊಂದು: ರೊಬಸ್ಟಾ ಮುಗಿಯುವ ಹೊತ್ತಿಗೆ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳು, ಶುರುವಾಗಿರಬಹುದು. ವಿಭೂತಿ ಬುಧವಾರದಿಂದ ಪಾಸ್ಕ (ಈಸ್ಟರ್) ಜಾಗರಣೆಯವರೆಗೆ ಲತೀನ್ ಕ್ರಮದ ಕಥೋಲಿಕರು ‘ಅಲ್ಲೆಲೂಯ’ ಹಾಡುವುದಿಲ್ಲ. ತಾರೀಖು ನೋಡಿ ಹಾಡು ಆರಿಸಿ.

ಕೆಂಡಸಂಪಿಗೆ_ಕುಶಾಲನಗರ
ಪೂರ್ವ ಸಂಪ್ರದಾಯದ ಸಭೆಗಳಲ್ಲಿ ಆ ನಿಯಮ ಇಲ್ಲ, ದೊಡ್ಡ ಉಪವಾಸದಲ್ಲೂ ಅಲ್ಲೆಲೂಯ ಹಾಡ್ತೇವೆ. ಆದರೆ ಒಬ್ಬರಿಗೆ ಮುಜುಗರ ಆಗುತ್ತೆ ಅಂದರೆ ಬಿಡುವುದೇ ಸರಿ. ನಮಗೆ ತೊಡಕಾಗುವುದು ಊಟದಲ್ಲಿ. ಆ ದಿನಗಳಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಕೂಡಿ ಉಣ್ಣುವುದೇ ಯಜ್ಞದ ಭಾಗ ಅಂತ ಆದಮೇಲೆ ಎರಡು ಮನೆಯವರು ಕೈಕಟ್ಟಿ ಕೂರುವಂತಾಗಬಾರದು.

ಧೂಪ ಹಾಕುವ ಯೋಚನೆ ಇದ್ದರೆ ಕೇಳಿ. ವಿಮೋಚನಕಾಂಡ 30ರ ಧೂಪವೇದಿಕೆ ಒಂದು ಮೊಳ ಉದ್ದ, ಒಂದು ಮೊಳ ಅಗಲ, ಎರಡು ಮೊಳ ಎತ್ತರ. ಹತ್ತಿರಹತ್ತಿರ ಒಂದೂವರೆ ಅಡಿ ಚೌಕ, ಮೂರಡಿ ಎತ್ತರ, ಅಷ್ಟೇ. ಅದರ ಮೇಲೆ ಬೆಳಗ್ಗೆ ಸಂಜೆ ಸುಡುವ ಧೂಪಕ್ಕೆ ನಾಲ್ಕು ದ್ರವ್ಯ ಸಮತೂಕ, ಜೊತೆಗೆ ಉಪ್ಪು (30:34-35). ಅದೇ ಪಾಕವನ್ನು ಸ್ವಂತ ಸುವಾಸನೆಗಾಗಿ ಮಾಡಿಕೊಂಡವನು ಜನರಿಂದ ಹೊರಗೆ (30:38). ಪ್ರಾರ್ಥನೆಗೂ ಇದನ್ನೇ ಅನ್ವಯಿಸಬಹುದು: ಕೇಳುವವರು ಮೆಚ್ಚಲಿ ಅಂತ ಹೆಣೆದ ಪ್ರಾರ್ಥನೆ ಸ್ವಂತ ಮೂಗಿಗೆ ಮಾಡಿಕೊಂಡ ಧೂಪ.

ಕೈಕೆಲಸದ ಮಟ್ಟಿಗೆ: ತೆಂಗಿನ ಕರಟದ ಇದ್ದಿಲು ಒಳ್ಳೆಯದು. ನಮ್ಮ ಹವೆಗೆ ಇದ್ದಿಲು ತೇವ ಎಳೆದುಕೊಂಡು ಚಟಪಟ ಸಿಡಿಯುತ್ತೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಹೊತ್ತಿಸುವ ಮೊದಲು ಒಲೆ ಪಕ್ಕ ಒಣಗಿಸಿ. ಕೂಟಕ್ಕೆ ಹತ್ತು ಹದಿನೈದು ನಿಮಿಷ ಮೊದಲೇ ಹೊತ್ತಿಸಬೇಕು. ಮೇಲೆ ಬೂದಿ ಬಿಳಿಯಾಗಿ ಕವಿದ ಮೇಲೆ ಧೂಪ. ಕಪ್ಪು ಇರುವಾಗಲೇ ಹಾಕಿದರೆ ಇದ್ದಿಲಿನ ಹೊಗೆಯೇ ಮೂಗಿಗೆ ಹೊಡೆಯುತ್ತೆ. ಇಪ್ಪತ್ತೈದು ಜನರ ಕೋಣೆಗೆ ಅರ್ಧ ಚಮಚ ಸಾಕು. ಎರಡು ಕಿಟಕಿ ತೆರೆದಿರಲಿ, ಉಬ್ಬಸ ಇರುವವರನ್ನು ಬಾಗಿಲ ಹತ್ತಿರ ಕೂರಿಸಿ.

ಉಪದೇಶಿಕಟ್ಟೆ
ಸಿಎಸ್‌ಐ ಮನೆಗಳಲ್ಲಿ ಧೂಪ ರೂಢಿ ಇಲ್ಲ. ಬೇಡ ಅಂತ ನಾನು ಹೇಳುವುದಿಲ್ಲ, ಮನೆಯವರನ್ನು ಮೊದಲೇ ಕೇಳಿಬಿಡಿ. ಪ್ರಕಟನೆ 5:8ರಲ್ಲಿ ಧೂಪ ಅಂದರೆ ದೇವಜನರ ಪ್ರಾರ್ಥನೆಗಳೇ ಅಂತ ಅರ್ಥ ಬಿಡಿಸಿಟ್ಟಿದೆ. ಅದು ಇಲ್ಲದೆಯೂ ನಡೆಯುತ್ತೆ.

ಕಪ್ಪುಒಂದು
ಹಾಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾಲ್ಕು ಚರಣದ ಹಾಡಿಗೆ ನಾಲ್ಕು ನಿಮಿಷ. ಹತ್ತು ಹಾಡು ಅಂದರೆ ನಲವತ್ತು ನಿಮಿಷ, ಅಲ್ಲಿಗೆ ನಿಮ್ಮ ಗಂಟೆ ಮುಗಿಯಿತು. ಎರಡೇ ಹಾಡು ಇಟ್ಟುಕೊಳ್ಳಿ.

ಶ್ರುತಿ ಹಿಡಿಯುವಾಗ ಹಾಡಿನ ಮೊದಲ ಸ್ವರ ನೋಡಬೇಡಿ, ಅತಿ ಮೇಲಿನ ಸ್ವರ ನೋಡಿ. ಗಂಡಸರು, ಹೆಂಗಸರು, ಮಕ್ಕಳು ಬೆರೆತ ಗುಂಪಿಗೆ ಅದು ಹಾರ್ಮೋನಿಯಂನ ಮೇಲಿನ ಸ್ಥಾಯಿಯ ಎರಡನೇ ಬಿಳಿ ಮನೆಯನ್ನು (ಬಿಳಿ ಎರಡು) ದಾಟಬಾರದು. ಹಾಡು ತಾರಷಡ್ಜಕ್ಕೇ (ಮೇಲಿನ ‘ಸ’) ನಿಂತರೆ ಶ್ರುತಿ ಕಪ್ಪು ಒಂದು ಆಗುತ್ತೆ. ತಾರದ ಗಾಂಧಾರದವರೆಗೆ (ಮೇಲಿನ ‘ಗ’) ಏರಿದರೆ ಶ್ರುತಿಯನ್ನು ಕೆಳಗಿನ ಕಪ್ಪು ಐದಕ್ಕೆ ಇಳಿಸಬೇಕು. ಇಳಿಸದಿದ್ದರೆ ಪಲ್ಲವಿ ಎಲ್ಲರೂ ಹಾಡ್ತಾರೆ, ಎರಡನೇ ಚರಣಕ್ಕೆ ಗಂಡಸರು ಬಾಯಿ ಮುಚ್ತಾರೆ, ಕೊನೆಗೆ ಹಾರ್ಮೋನಿಯಂ ಪಕ್ಕದ ಇಬ್ಬರು ಮಾತ್ರ. ಇಬ್ಬರ ಕಚೇರಿ ಆಗುತ್ತೆ, ಉಳಿದವರದ್ದು ಮೌನಯಜ್ಞ.

ಮಳೆಗಾಲದಲ್ಲಿ ಕಟ್ಟಿಟ್ಟ ಹಾರ್ಮೋನಿಯಂ ಪೆಟ್ಟಿಗೆಯಾದರೆ ಬೆರಳಿಡುವ ಮನೆಗಳು ಉಬ್ಬಿ ಸಿಕ್ಕಿಕೊಂಡಿರುತ್ತವೆ. ಕೂಟದ ಹಿಂದಿನ ದಿನ ಬಿಸಿಲಿಗಲ್ಲ, ನೆರಳಲ್ಲಿ ಗಾಳಿಗೆ ತೆರೆದಿಡಿ. ನೇರ ಬಿಸಿಲಿಗೆ ಮರ ಬಿರುಕು ಬಿಡುತ್ತೆ. ತಬಲ, ಢೋಲಕ್ ಇದ್ದರೆ ಚರ್ಮ ಸಡಿಲಾಗಿರುತ್ತೆ, ಕೂಟಕ್ಕೆ ಮೊದಲು ಶ್ರುತಿ ಮಾಡಿಕೊಳ್ಳಿ, ಎಲ್ಲರೂ ಕೂತ ಮೇಲೆ ಸುತ್ತಿಗೆ ಹಿಡಿಯಬೇಡಿ.

ಕುಯ್ಲುಕೂಟ_ಸಿದ್ದಾಪುರ
ಬಹಳ ಉಪಕಾರ. ಎರಡು ಅನುಮಾನ. ಕನ್ನಡ ಓದಲು ಬಾರದವರು ಎಂಟು ಹತ್ತು ಮಂದಿ ಇದ್ದಾರೆ, ಕೀರ್ತನೆ ಓದುವಾಗ ಅವರು ಏನು ಮಾಡಬೇಕು? ಮತ್ತೆ, ‘ಸಾಕ್ಷಿ ಹೇಳಿ’ ಅಂದರೆ ಒಬ್ಬರು ಹದಿನೈದು ನಿಮಿಷ ತೆಗೆದುಕೊಳ್ತಾರೆ, ಉಳಿದವರು ತಲೆ ತಗ್ಗಿಸ್ತಾರೆ.

ಸಂಜೆಜಪ_ವಿರಾಜಪೇಟೆ
ಓದು ಬಾರದವರಿಗೆ 136ನೇ ಕೀರ್ತನೆ. 26 ವಚನ, 26 ಸಲವೂ ಒಂದೇ ಪಲ್ಲವಿ, ಆತನ ಕೃಪೆ ಶಾಶ್ವತ ಅಂತ. ಮೊದಲರ್ಧ ಒಬ್ಬರು ಓದಲಿ, ಪಲ್ಲವಿ ಎಲ್ಲರೂ. ತಮಿಳರು ತಮಿಳಲ್ಲಿ, ಮಲಯಾಳಿಗಳು ಮಲಯಾಳದಲ್ಲಿ, ಅಸ್ಸಾಮಿನವರು ಅವರ ಮಾತಲ್ಲಿ ಹೇಳಲಿ, ಏನೂ ಅಡ್ಡಿಯಿಲ್ಲ. ಐದು ನಿಮಿಷ ಹಿಡಿಯುತ್ತೆ. ಓದುವವರು ಪಲ್ಲವಿ ಮುಗಿಯುವ ಮೊದಲೇ ಮುಂದಿನ ವಚನಕ್ಕೆ ಹಾರಬಾರದು. ಎಲ್ಲ ಕೆಡುವುದು ಅಲ್ಲೇ.

ಎರಡು ಪಂಗಡವಾಗಿ ಓದುವುದಕ್ಕೆ 116ರ ಕೊನೆಯ ಎಂಟು ವಚನ, 12ರಿಂದ 19. ತೋದಾ ಯಜ್ಞದ ಹಾಡಂದರೆ ಇದೇ: ರಕ್ಷಣೆಯ ಪಾತ್ರೆ, ಕೃತಜ್ಞತೆಯ ಯಜ್ಞ, ಎಲ್ಲ ಜನರ ಮುಂದೆ ಹರಕೆ ಸಲ್ಲಿಸುವುದು, ಮೂರೂ ಅದರಲ್ಲಿವೆ. ವಚನದ ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕು, ವಚನ ಮುಗಿದ ಮೇಲೆ ಎದುರಿನವರು ತಡಮಾಡದೆ ಎತ್ತಿಕೊಳ್ಳಬೇಕು. ಜನ ಸಾಮಾನ್ಯವಾಗಿ ಇದರ ತಿರುಗುಮುರುಗು ಮಾಡ್ತಾರೆ. ನಿಲ್ಲುವ ಜಾಗಕ್ಕೆ ಹಾಳೆಯಲ್ಲಿ ಪೆನ್ನಿನಿಂದ ನಕ್ಷತ್ರ ಹಾಕಿ.

ಉಪದೇಶಿಕಟ್ಟೆ
ಸಾಕ್ಷಿಗೆ ‘ಸಾಕ್ಷಿ’ ಅನ್ನುವ ಹೆಸರೇ ಬೇಡ, ಆ ಪದ ಕೇಳಿದರೆ ಪ್ರಸಂಗ ಶುರುವಾಗುತ್ತೆ. ‘ಒಂದು ವಾಕ್ಯ, ಒಂದು ವಿಷಯ, ಅದು ಆದ ತಿಂಗಳು’ ಅಂತ ಹೇಳಿ. ತಲೆಗೆ 40 ಸೆಕೆಂಡಿನಂತೆ 25 ಜನಕ್ಕೆ ಹದಿನೇಳು ನಿಮಿಷ. ‘ದೇವರು ನನಗೆ ಮಾಡಿದ ಎಲ್ಲ ಉಪಕಾರಗಳಿಗಾಗಿ’ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಏನೂ ಇಲ್ಲ. ‘ಜನವರಿಯಲ್ಲಿ ಜ್ವರ ಬಿಟ್ಟಿತು’ ಅಂದರೆ ಅದು ರೊಟ್ಟಿ. 107ನೇ ಕೀರ್ತನೆ ನೋಡಿ, ನಾಲ್ಕು ಗುಂಪು ಹೆಸರಿಸುತ್ತೆ: ದಾರಿತಪ್ಪಿದವರು, ಸೆರೆಯಲ್ಲಿದ್ದವರು, ಕಾಯಿಲೆ ಬಿದ್ದವರು, ಕಡಲಿನ ಬಿರುಗಾಳಿಗೆ ಸಿಕ್ಕಿದವರು. ಒಂದೊಂದು ಗುಂಪಿಗೂ ಏನಾಗಿತ್ತು, ಹೇಗೆ ಬಿಡುಗಡೆ ಆಯಿತು ಅಂತ ಬಿಡಿಸಿ ಹೇಳಿದ ಮೇಲೆಯೇ ‘ಕೊಂಡಾಡಲಿ’ ಅನ್ನುವ ಮಾತು ಬರುತ್ತೆ. ಬಾಯಿ ಬಾರದವರಿಗೆ ಈ ನಾಲ್ಕರಲ್ಲಿ ಯಾವುದು ಅಂತ ಕೇಳಿದರೂ ಸಾಕು. ಶುರುವನ್ನು ಮಾತುಗಾರರಿಂದ ಮಾಡಿಸಬೇಡಿ. ಮೊದಲನೆಯವರು ಎಷ್ಟು ಉದ್ದ ಹೇಳ್ತಾರೋ ಎಲ್ಲರೂ ಅಷ್ಟೇ ಹೇಳ್ತಾರೆ.

ಮಂಜುಮುಸುಕು
ಸರಿ, ಒಪ್ಪಿದೆ. ಆದರೆ ಆ ವರ್ಷ ಕಳೆದುಕೊಂಡವರ ಕತೆ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ ತೋಟ ಹೋಯಿತು. ಅಂಥವರನ್ನು ವೃತ್ತದಲ್ಲಿ ಕೂರಿಸಿ ‘ಒಂದು ಸ್ತೋತ್ರ ಹೇಳಿ’ ಅನ್ನುವುದು ಯಜ್ಞವೋ ಹಿಂಸೆಯೋ?

ಉಪದೇಶಿಕಟ್ಟೆ
ಹಿಂಸೆ. ಅದಕ್ಕೂ ವಿಧಿ ಇದೆ. ಹೆಣ ಇನ್ನೂ ಮಣ್ಣಾಗದೆ ಎದುರಿಗಿರುವವನಿಗೆ ನಿತ್ಯದ ಪ್ರಾರ್ಥನೆಯಿಂದಲೇ ವಿನಾಯಿತಿ ಅಂತ ಮಿಶ್ನಾ ಹೇಳುತ್ತೆ. ಕೀರ್ತನೆಗಳಲ್ಲೂ ದೊಡ್ಡ ಪಾಲು ಗೋಳಾಟವೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತೆ, ಕೊನೆಗೊಂದು ಸ್ತೋತ್ರ ಅಂಟಿಸಿಲ್ಲ. ಅದೂ ದೇವಾಲಯದ ಹಾಡಿನ ಪುಸ್ತಕದಲ್ಲಿದೆ. ಕೂಟದಲ್ಲಿ ‘ಈ ಸಲ ನನ್ನನ್ನು ಬಿಡಿ’ ಅನ್ನಲು ಅವಕಾಶ ಇರಲಿ, ಯಾಕೆ ಅಂತ ಕೇಳಬೇಡಿ. 1 ಥೆಸಲೋನಿಕ 5:18 ‘ಎಲ್ಲದರಲ್ಲೂ’ ಕೃತಜ್ಞತೆ ಅನ್ನುತ್ತೆ. ‘ಎಲ್ಲದಕ್ಕಾಗಿ’ ಅನ್ನುವುದಿಲ್ಲ.

ಸಂಜೆಜಪ_ವಿರಾಜಪೇಟೆ
ಎಫೆಸ 5:20 ‘ಎಲ್ಲದಕ್ಕಾಗಿ’ ಅನ್ನುತ್ತಲ್ಲ ಸರ್?

ಉಪದೇಶಿಕಟ್ಟೆ
ಅನ್ನುತ್ತೆ. ಸಿಕ್ಕಿಬಿದ್ದೆ. ಆದರೂ ಆ ವಚನವನ್ನು ಒಬ್ಬ ಮನುಷ್ಯ ತನ್ನ ಬಗ್ಗೆ ಹೇಳಿಕೊಳ್ಳಬಹುದು, ಬೇರೆಯವನ ಬಾಯಿಗೆ ತುರುಕಲಾಗದು. ಹಬಕ್ಕೂಕ 3:17-18 ಓದಿ: ಅಂಜೂರ ಹೂಬಿಡದಿದ್ದರೂ, ಹೊಲ ಬೆಳೆಯದಿದ್ದರೂ, ಕೊಟ್ಟಿಗೆ ಬರಿದಾದರೂ ‘ನಾನು’ ಸಂತೋಷಪಡುವೆ ಅಂತಾನೆ. ‘ನೀವು ಸಂತೋಷಪಡಿ’ ಅನ್ನುವುದಿಲ್ಲ. ಹೂಮಳೆ (ಕಾಫಿ ಹೂವರಳಿಸುವ ಮಳೆ) ಕೈಕೊಟ್ಟ ವರ್ಷ ತೋಟದವರು ಇದನ್ನು ತಾವಾಗಿ ಓದಿದರೆ ಒಂದು ತೂಕ, ಪ್ರಸಂಗಿ ಅವರತ್ತ ಬೆರಳು ತೋರಿಸಿ ಓದಿದರೆ ಇನ್ನೊಂದು.

ಕೆಂಡಸಂಪಿಗೆ_ಕುಶಾಲನಗರ
ಹರಕೆಯ ಮಾತೂ ಬರಲಿ. ‘ಗದ್ದೆ ಮಾರಿಹೋದರೆ ಇಷ್ಟು ಕೊಡ್ತೇನೆ’ ಅನ್ನುವುದು ಹರಕೆ. ಮೇಲೆ ಹೇಳಿದಂತೆ ಯಾಜಕಕಾಂಡದಲ್ಲಿ ಅದರ ಸಾಲೇ ಬೇರೆ. ತಪ್ಪೇನಲ್ಲ, ಆದರೆ ಹೊತ್ತದ್ದನ್ನು ತಡಮಾಡದೆ ತೀರಿಸು ಅಂತ ಪ್ರಸಂಗಿ 5:4 ಎಚ್ಚರಿಸುತ್ತೆ. ಸ್ತೋತ್ರಯಜ್ಞ ಆದದ್ದಕ್ಕೆ ಕೊಡುವುದು, ಆಗಬೇಕಾದದ್ದಕ್ಕೆ ಮುಂಗಡ ಅಲ್ಲ. ಕೂಟದಲ್ಲಿ ಎರಡನ್ನೂ ಬೆರೆಸಿದರೆ ಐದೇ ನಿಮಿಷದಲ್ಲಿ ಸ್ತೋತ್ರವೆಲ್ಲ ಬೇಡಿಕೆಯಾಗಿ ತಿರುಗುತ್ತೆ.

ಸಂಜೆಜಪ_ವಿರಾಜಪೇಟೆ
ಮುಖ್ಯವಾದ ಒಂದು ಬಿಟ್ಟುಹೋಗಿದೆ. ಮತ್ತಾಯ 5:23-24. ಕಾಣಿಕೆ ವೇದಿಕೆಯ ಮುಂದೆ ಇಟ್ಟಾಗ ಸೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು. ಅವನ ಮೇಲೆ ನಿನಗೆ ಬೇಸರ ಇದ್ದರೆ ಅಂತ ಅಲ್ಲ, ಅವನಿಗೆ ನಿನ್ನ ಮೇಲೆ. ಕುಯ್ಲಿನ ಕೊನೆಗೆ ತೂಕ, ಮುಂಗಡ, ಬಾಕಿ ಕೂಲಿ ಅಂತ ಬೇಸರಗಳು ಇದ್ದೇ ಇರುತ್ತವೆ. ಕೂಲಿ ಬಾಕಿ ಇಟ್ಟುಕೊಂಡವರು ಅದೇ ಕೋಣೆಯಲ್ಲಿ ಸ್ತೋತ್ರ ಹೇಳುವಂತಾಗಬಾರದು. ಕೂಟದ ಹಿಂದಿನ ಶನಿವಾರವೇ ಲೆಕ್ಕ ಚುಕ್ತಾ ಆಗಲಿ ಅಂತ ಕರಪತ್ರದಲ್ಲೇ ಒಂದು ಸಾಲು ಹಾಕಿ.

ಮಂಜುಮುಸುಕು
ಆ ಸಾಲು ಹಾಕಿದರೆ ಅರ್ಧ ಜನ ಬರುವುದಿಲ್ಲ 😄

ಉಪದೇಶಿಕಟ್ಟೆ
ಬರದಿರಲಿ. ಯಜ್ಞವೇದಿಕೆ ಕಟ್ಟಲು ಅರೌನ ಅನ್ನುವವನ ಕಣವನ್ನು ರಾಜ ದಾವೀದ 50 ಶೆಕೆಲ್ ಬೆಳ್ಳಿ ಕೊಟ್ಟೇ ಕೊಂಡ. ಅರೌನ ಎತ್ತು, ಕಟ್ಟಿಗೆ ಎಲ್ಲ ಪುಕ್ಕಟೆ ಕೊಡುತ್ತೇನೆ ಅಂದಿದ್ದ. ಖರ್ಚಿಲ್ಲದ್ದನ್ನು ದೇವರಿಗೆ ಅರ್ಪಿಸಲಾರೆ ಅಂದ ದಾವೀದ (2 ಸಮುವೇಲ 24:24). ಕೂಲಿ ಚುಕ್ತಾ ಮಾಡುವುದೇ ಕೆಲವರಿಗೆ ಆ ಐವತ್ತು ಶೆಕೆಲ್.

ಕುಯ್ಲುಕೂಟ_ಸಿದ್ದಾಪುರ
ಎಲ್ಲ ಸೇರಿಸಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ.
ಐದಕ್ಕೆ ಸರಿಯಾಗಿ ಮೌನ, ಮೂರು ನಿಮಿಷ. 136ನೇ ಕೀರ್ತನೆ ಐದು. ಪಾಪ ಅರಿಕೆ, ಅಕ್ಕಪಕ್ಕದವರ ಕೈ ಹಿಡಿದು ಸಮಾಧಾನ ಹೇಳುವುದು ಐದು. ಒಂದು ಹಾಡು ನಾಲ್ಕು. ಒಬ್ಬೊಬ್ಬರ ಒಂದು ವಾಕ್ಯ ಹದಿನೇಳು. 116ರ ಕೊನೆಯ ಭಾಗ ಎರಡು. ನಾಲ್ಕು ಬಿನ್ನಹ, ಕರ್ತನ ಪ್ರಾರ್ಥನೆ ಆರು. ಕೊನೆಯ ಹಾಡು ನಾಲ್ಕು. ಒಟ್ಟು 46. ಉಳಿದ ಹದಿನಾಲ್ಕು ನಿಮಿಷ ಊಟಕ್ಕೆ. ಪ್ರಸಂಗ ಇಲ್ಲ.
ತಲೆಗೆ ಮೂರರಂತೆ 75 ಕಡಂಬುಟ್ಟು (ಅಕ್ಕಿತರಿಯ ಉಂಡೆ), ಕಡಲೆ ಸಾರು, ಬೆಲ್ಲದ ಕರಿಕಾಫಿ. ಹಾಲಿಲ್ಲ, ಮೊಟ್ಟೆಯಿಲ್ಲ, ಉಪವಾಸದವರಿಗೂ ಆಗುತ್ತೆ.

ಕೆಂಡಸಂಪಿಗೆ_ಕುಶಾಲನಗರ
ಕಡಂಬುಟ್ಟಿಗೆ ಹುಳಿಯೂ ಇಲ್ಲ, ಯಾಜಕಕಾಂಡದ ಮೊದಲ ಮೂರು ಬಗೆಗೆ ಹತ್ತಿರ 😊 ಕಡಲೆ ಸಾರಿಗೆ ತೆಂಗಿನಹಾಲು ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ.

ಉಪದೇಶಿಕಟ್ಟೆ
ಒಂದು ತಿದ್ದುಪಡಿ. 75 ಬಂದವರಿಗೇ ಆಯಿತು. ಇಬ್ರಿಯರಿಗೆ 13:15ರ ಬೆನ್ನಿಗೇ 16 ಬರುತ್ತೆ: ಪರೋಪಕಾರ, ಹಂಚಿಕೊಳ್ಳುವುದು, ಅದೂ ಯಜ್ಞವೇ. 100 ಮಾಡಿ. ಕಾಯಿಲೆ ಬಿದ್ದು ಲೈನ್‌ಮನೆಯಲ್ಲೇ ಉಳಿದವರಿಗೆ ಇಪ್ಪತ್ತೈದು, ಬಾಳೆಎಲೆಯಲ್ಲಿ ಕಟ್ಟಿ ಆರಕ್ಕೆ ಹೊರಡುವವರ ಕೈಗೆ ಕೊಡಿ. ಮರುದಿನಕ್ಕೆ ಇಟ್ಟುಕೊಳ್ಳಬೇಡಿ.

ಕಪ್ಪುಒಂದು
ಹಾಳೆ 25 ಬೇಡ, 13 ಸಾಕು, ಇಬ್ಬರಿಗೊಂದು. ಅಕ್ಷರ ಮಾತ್ರ ದಪ್ಪ ಇರಲಿ. ಆರರ ಹೊತ್ತಿಗೆ ಕರೆಂಟು ಹೋದರೆ ಕೊನೆಯ ಹಾಡಿಗೆ ಬಾಯಿಪಾಠ ಇರುವುದನ್ನೇ ಆರಿಸಿಕೊಳ್ಳಿ.

ಕುಯ್ಲುಕೂಟ_ಸಿದ್ದಾಪುರ
100 ಅಂತ ತಿದ್ದಿದೆ. ಅಕ್ಕಿತರಿ ಒಡೆಸಲು ಇವತ್ತೇ ಕೊಡ್ತೇವೆ. ಲೆಕ್ಕ ಚುಕ್ತಾದ ಸಾಲನ್ನೂ ಕರಪತ್ರಕ್ಕೆ ಸೇರಿಸಿಯಾಯಿತು.